ಬೀಜಿಂಗ್‌ನಲ್ಲಿ ಓದಿಬಂದ ವಿ.ಎ.

ಸಿದ್ದರಾಜಣ್ಣ ಫೋನ್ ಎತ್ತಿದರೆ ‘ಹಲೋ’ ಎನ್ನುತ್ತಿರಲಿಲ್ಲ, ‘ವೇಯ್’ ಎನ್ನುತ್ತಿದ್ದರು. ಚೀನಾದಲ್ಲಿ ಎಲ್ಲರೂ ಹಾಗೇ ಅನ್ನುವುದಂತೆ. ಮೂರು ವರ್ಷ ಅಲ್ಲಿದ್ದಾಗ ನಾಲಿಗೆಗೆ ಅಂಟಿಕೊಂಡದ್ದು ಊರಿಗೆ ಬಂದ ಮೇಲೂ ಬಿಡಲಿಲ್ಲ. ನಮ್ಮ ಕಡೆಯವರ ಕಿವಿಗೆ ಅದು ‘ಏಯ್’ ಎಂದು ಗದರಿದ ಹಾಗೆ ಕೇಳುತ್ತಿತ್ತು. ಖಾತೆ ಬದಲಾವಣೆ ಏನಾಯಿತೆಂದು ಕೇಳಲು ಫೋನ್ ಮಾಡಿದ್ದ ಹಿರಿಯ ಗೌಡರೊಬ್ಬರು ಮಾರನೆಯ ದಿನ ನಾಡಕಚೇರಿಗೇ ಬಂದು, “ಯಾವನ್ಲಾ ಅವನು, ನನ್ನ ಏಯ್ ಅಂದೋನು?” ಎಂದು ಬಾಗಿಲಲ್ಲಿ ನಿಂತರು. ಸಿದ್ದರಾಜಣ್ಣ ಎದ್ದು, ತಮ್ಮ ಕುರ್ಚಿಯನ್ನೇ ಅವರಿಗೆ ಬಿಟ್ಟುಕೊಟ್ಟು, ಫ್ಲಾಸ್ಕಿನಿಂದ ಒಂದು ಲೋಟ ಬಿಸಿನೀರು ಬಗ್ಗಿಸಿ ಮುಂದಿಟ್ಟರು. ಬರೀ ಬಿಸಿನೀರು. ಅದೂ ಅಲ್ಲಿಯ ಅಭ್ಯಾಸವೇ. ಗೌಡರು ಲೋಟವನ್ನೂ ಅವರ ಮುಖವನ್ನೂ ನೋಡಿ, ನನಗೇನು ಜ್ವರ ಬಂದಿದೆಯಾ ಎಂದು ಕೇಳಿದರು. ಆಮೇಲೆ ಕುಡಿದರು. ಅವರ ಖಾತೆ ಅದೇ ವಾರ ಆಯಿತು.

ನಾನೂ ಸಿದ್ದರಾಜಣ್ಣನೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಇಬ್ಬರೂ ಗ್ರಾಮ ಆಡಳಿತಾಧಿಕಾರಿಗಳು. ಜನ ಕರೆಯುವುದು ಹಳೆಯ ಹೆಸರಿನಲ್ಲೇ, ವಿ.ಎ. ಎಂದು. ನಾವಿದ್ದ ತಾಲ್ಲೂಕು ಯಾವುದು, ನಾನು ಹೇಳಲಿರುವ ಊರು ಯಾವುದು ಎಂದು ಇಲ್ಲಿ ಬರೆಯುವುದಿಲ್ಲ. ನಾನಿನ್ನೂ ಅದೇ ಇಲಾಖೆಯಲ್ಲಿದ್ದೇನೆ.

ಅವರನ್ನು ಮೊದಲು ನೋಡಿದ್ದು ಮಂಡ್ಯದ ಗ್ರಂಥಾಲಯದಲ್ಲಿ. ಸರ್ಕಾರಿ ಪರೀಕ್ಷೆಗೆ ಓದುವವರೆಲ್ಲ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಚೀಲ ಇಟ್ಟು ಸಾಲು ಹಿಡಿಯುತ್ತಿದ್ದೆವು. ನಾನು ಮಳವಳ್ಳಿ ಕಡೆಯ ಊರಿನಿಂದ ಮೊದಲ ಬಸ್ಸಿಗೆ ಬರುತ್ತಿದ್ದೆ. ನನ್ನ ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯಲ್ಲಿ ಅವ್ವ, ಕಾಲೇಜಿಗೆ ಹೋಗುವ ತಂಗಿ. ಲೆಕ್ಕ ನನಗೆ ತಲೆಗೆ ಹತ್ತುತ್ತಿರಲಿಲ್ಲ. ಒಂದು ದಿನ ಶೇಕಡಾವಾರಿನ ಲೆಕ್ಕವೊಂದನ್ನು ಮೂರು ಸಲ ತಪ್ಪು ಮಾಡಿ ಹಾಳೆ ಹರಿದಾಗ, ಎದುರು ಕುಳಿತಿದ್ದ ಕಪ್ಪನೆಯ, ತೆಳ್ಳನೆಯ ಮನುಷ್ಯ ಹರಿದ ಹಾಳೆಯನ್ನು ಕೇಳಿ ತೆಗೆದುಕೊಂಡು ಜೋಡಿಸಿ ನೋಡಿದರು. ದಾರಿ ಸರಿಯಿದೆ, ಎರಡನೇ ಸಾಲಿನಲ್ಲಿ ಆತುರಪಟ್ಟಿದ್ದೀಯ ಎಂದರು. ಆವತ್ತಿನಿಂದ ದಿನಾ ಮಧ್ಯಾಹ್ನ ಗ್ರಂಥಾಲಯದ ಹಿಂದಿನ ಹೊಂಗೆ ಮರದ ಕೆಳಗೆ ನಮಗೆ ನಾಲ್ಕೈದು ಜನಕ್ಕೆ ಪಾಠ. ಅವರೂ ಅದೇ ಪರೀಕ್ಷೆ ಬರೆಯುವವರು. ತಮ್ಮ ಓದಿನ ಹೊತ್ತನ್ನು ನಮಗೆ ಕೊಡುತ್ತಿದ್ದಾರೆಂಬುದು ನಮಗಾಗ ಹೊಳೆಯಲೇ ಇಲ್ಲ.

ಎಲ್ಲಿ ಓದಿದ್ದು ಎಂದು ಯಾರಾದರೂ ಕೇಳಿದರೆ “ವಿ.ಸಿ. ಫಾರಂನಲ್ಲಿ” ಎನ್ನುತ್ತಿದ್ದರು. ಅದು ನಿಜವೇ, ಕೃಷಿ ಪದವಿ ಮಾಡಿದ್ದು ಅಲ್ಲೇ. ಅದರ ಮುಂದಿನದು ನಮಗೆ ಗೊತ್ತಾಗಿದ್ದು ತಿಂಗಳುಗಳ ಮೇಲೆ, ಅವರ ಫೋನಿಗೆ ಚೀನೀ ಅಕ್ಷರಗಳ ಸಂದೇಶವೊಂದು ಬಂದಾಗ. ವಿದ್ಯಾರ್ಥಿವೇತನ ಸಿಕ್ಕಿ ಬೀಜಿಂಗ್‌ನ ಬಹು ದೊಡ್ಡ ವಿಶ್ವವಿದ್ಯಾಲಯವೊಂದರಲ್ಲಿ ಮಣ್ಣಿನ ಮೇಲೆ ಡಾಕ್ಟರೇಟ್ ಮಾಡುತ್ತಿದ್ದರು. ಅಲ್ಲಿಯ ಹುಡುಗರೇ ಸೀಟು ಸಿಗದೆ ಅಳುವಂಥ ಜಾಗ. ಮೂರನೇ ವರ್ಷ ಅಲ್ಲಿಯ ಹೊಸವರ್ಷದ ರಜಕ್ಕೆಂದು ಮದ್ದೂರಿನ ಹತ್ತಿರದ ತಮ್ಮ ಊರಿಗೆ ಬಂದರು. ಬಂದ ವಾರಕ್ಕೇ ಅಲ್ಲಿ ರೋಗ ಹಬ್ಬಿತು, ವಿಮಾನ ನಿಂತಿತು. ಹದಿನೈದು ದಿನಕ್ಕೆಂದು ಬಂದವರು ವರ್ಷಗಟ್ಟಲೆ ಇಲ್ಲೇ ಉಳಿದರು. ಎರಡನೇ ಅಲೆಯಲ್ಲಿ ಅವರಪ್ಪ ಹೋದರು. ವಿದ್ಯಾರ್ಥಿವೇತನದ ಅವಧಿ ಮುಗಿಯಿತು. ಕೊನೆಗೆ ಚೀನಾ ಬಾಗಿಲು ತೆರೆಯಿತೆಂಬ ಸುದ್ದಿ ಬರುವ ಹೊತ್ತಿಗೆ, ಪ್ರಯೋಗಾಲಯದ ಫ್ರೀಜರಿನಲ್ಲಿದ್ದ ಅವರ ಮಣ್ಣಿನ ಮಾದರಿಗಳನ್ನೆಲ್ಲ ಜಾಗ ಸಾಲದೆಂದು ಎಸೆದಿದ್ದರು. ನಾನು ನೋಡಿದ ಆ ಸಂದೇಶ ಅದನ್ನು ತಿಳಿಸಲು ಗೆಳೆಯ ಕಳಿಸಿದ್ದು. ಓದಿ ಫೋನನ್ನು ಮಗುಚಿ ಇಟ್ಟು, ಬಿಟ್ಟ ಲೆಕ್ಕವನ್ನು ಮುಂದುವರಿಸಿದರು.

ಆ ಗೆಳೆಯನ ಹೆಸರು ಲಿಯು. ಅವನ ಕತೆಯನ್ನು ಮಾತ್ರ ಸಿದ್ದರಾಜಣ್ಣ ಕೇಳಿದಾಗಲೆಲ್ಲ ಹೇಳುತ್ತಿದ್ದರು. ಅವರ ಜೊತೆ ಒಂದೇ ಕೋಣೆಯಲ್ಲಿದ್ದವನು, ಬೇಸಾಯದವರ ಮನೆಯ ಒಬ್ಬನೇ ಮಗ, ಭತ್ತದ ಬೇರಿನ ಬಗ್ಗೆ ಅವನಷ್ಟು ತಿಳಿದವರು ಆ ವಿಭಾಗದಲ್ಲೇ ಇರಲಿಲ್ಲವಂತೆ. ಅವನು ಡಾಕ್ಟರೇಟ್ ಮುಗಿಸಿದವನೇ ಸರ್ಕಾರಿ ನೌಕರಿಯ ಪರೀಕ್ಷೆ ಬರೆದು, ಎಲ್ಲೋ ಒಂದು ಹೋಬಳಿಯಂಥ ಊರಿನ ಕಚೇರಿ ಸೇರಿಕೊಂಡ. ಅಲ್ಲಿ ಅವನ ಕೆಲಸ ಪ್ರತಿ ಸೋಮವಾರ ಹಳ್ಳಿಗಳ ಹಂದಿಗಳನ್ನು ಎಣಿಸಿ ಮೇಲಕ್ಕೆ ಬರೆಯುವುದು. ನಾವೆಲ್ಲ ನಕ್ಕೆವು. ನಾನು, ಅಷ್ಟು ದೊಡ್ಡ ಕಡೆ ಓದಿದವರೂ ಇಂಥ ಕೆಲಸಕ್ಕೆ ಬರುತ್ತಾರಾ ಎಂದು ಕೇಳಿದೆ. ಎಲ್ಲರೂ ಬರುವುದಿಲ್ಲ ಎಂದರು. ತಮ್ಮ ಪ್ರಯೋಗಾಲಯದವರನ್ನೇ ಒಬ್ಬೊಬ್ಬರಾಗಿ ನೆನಪು ಮಾಡಿಕೊಂಡರು. ಅಪ್ಪ ಅಮ್ಮ ದೊಡ್ಡ ಪಟ್ಟಣದಲ್ಲಿ ಇದ್ದವರು ಹೊರದೇಶಕ್ಕೆ ಹೋದರು, ಧೈರ್ಯ ಇದ್ದವರು ಕಂಪನಿಗೆ ಹೋದರು. ಹಳ್ಳಿಯಿಂದ ಬಂದವರು ಒಬ್ಬರ ಹಿಂದೊಬ್ಬರು ಸರ್ಕಾರದ ಪರೀಕ್ಷೆಗೆ ಕೂತರು.

“ಇಂದ್ಗಡೆ ಒರಗ್ಕೊಳಕ್ಕೆ ಗ್ವಾಡೆ ಇಲ್ದೋರು ಸರ್ಕಾರ್ವನ್ನೇ ಗ್ವಾಡೆ ಅನ್ಕತಾರೆ ಕಣಮ್ಮ” ಎಂದರು. “ಅಲ್ಲೂ ಅಷ್ಟೆ, ಇಲ್ಲೂ ಅಷ್ಟೆ. ಲಿಯು ಅವ್ವ ಊರ್ನೋರ್ಗೆಲ್ಲ ಊಟ ಹಾಕಿಸ್ದಳಂತೆ, ಮಗ ಸರ್ಕಾರಿ ನೌಕರ ಆದ ಅಂತ. ಡಾಕ್ಟ್ರೇಟ್ ಬಂದಾಗ ಹಾಕಿಸ್ನಿಲ್ಲ.”

ನಮ್ಮ ಇಬ್ಬರ ಹೆಸರೂ ಆಯ್ಕೆ ಪಟ್ಟಿಯಲ್ಲಿ ಬಂತು. ಅವರ ಅವ್ವ ಕೇರಿಗೆಲ್ಲ ಪಾಯಸ ಹಂಚಿದರೆಂದು ಅವರೇ ನಗುತ್ತ ಹೇಳಿದರು. ಕೇರಿಯವರು ಖುಷಿಪಟ್ಟರು, ಊರಿನ ಉಳಿದವರು ಆಡಿಕೊಂಡರು. ಚೀನಾಗೆ ಹೋಗಿ ಓದಿಬಂದು ಶಾನುಭೋಗಿಕೆ ಮಾಡುತ್ತಾನಂತೆ ಎಂದು ಬಸ್ಸಿನಲ್ಲಿ ಯಾರೋ ಅಂದದ್ದನ್ನು ನಾನೇ ಕೇಳಿದ್ದೇನೆ.

ಕೆಲಸದಲ್ಲಿ ಅವರದೊಂದು ಹಟವಿತ್ತು. ನೋಡದೆ ಏನನ್ನೂ ಬರೆಯುತ್ತಿರಲಿಲ್ಲ. ನಮ್ಮ ಕೆಲಸದ ಮುಕ್ಕಾಲು ಪಾಲು ಈಗ ಫೋನಿನೊಳಗೇ ನಡೆಯುತ್ತದೆ. ಬೆಳೆಗೊಂದು ಆ್ಯಪ್, ಬಿದ್ದ ಮನೆಗೊಂದು, ಪಿಂಚಣಿಗೊಂದು, ಒತ್ತುವರಿಗೊಂದು. ಇಂತಿಷ್ಟು ದಿನದಲ್ಲಿ ಇಂತಿಷ್ಟು ಮುಗಿಯಬೇಕೆಂದು ಮೇಲಿನಿಂದ ಸಂದೇಶ ಬರುತ್ತಲೇ ಇರುತ್ತದೆ. ನಾವು ಒಂದು ಹೊಲದ ಬದುವಿನಲ್ಲಿ ನಿಂತು ಸುತ್ತಲಿನ ಐದು ಹೊಲದ್ದನ್ನು ತುಂಬುತ್ತಿದ್ದೆವು. ಅವರು ಐದಕ್ಕೂ ನಡೆಯುತ್ತಿದ್ದರು. ನಡೆದು, ಬಗ್ಗಿ, ಒಂದು ಚಿಟಿಕೆ ಮಣ್ಣು ತೆಗೆದು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜುತ್ತಿದ್ದರು. ಒಣಗಿದ್ದರೆ ನಾಲಿಗೆಯ ತುದಿಯ ಎಂಜಲು ಹಚ್ಚಿ ಉಜ್ಜುತ್ತಿದ್ದರು. ಆಮೇಲೆ ಒಂದು ಸಣ್ಣ ಪುಸ್ತಕದಲ್ಲಿ ಚೀನೀ ಅಕ್ಷರದಲ್ಲಿ ಏನೋ ಗೀಚಿಕೊಳ್ಳುತ್ತಿದ್ದರು. ಮಣ್ಣಿನ ಬಣ್ಣಕ್ಕೆ ತಮ್ಮ ಗುರುಗಳು ಕಲಿಸಿದ ಹೆಸರುಗಳು ಆ ಭಾಷೆಯಲ್ಲೇ ನೆನಪಿಗೆ ಬರುವುದು ಎನ್ನುತ್ತಿದ್ದರು. ತಿಂಗಳ ಸಭೆಯಲ್ಲಿ ಎಲ್ಲರಿಗಿಂತ ಹಿಂದೆ ಉಳಿದವರೆಂದು ಅವರನ್ನು ನಿಲ್ಲಿಸುತ್ತಿದ್ದರು. ನಿಂತುಕೊಂಡಿರುತ್ತಿದ್ದರು, ವಾದ ಮಾಡುತ್ತಿರಲಿಲ್ಲ. ನಾನು ಒಂದು ಸಲ, ಸುಮ್ಮನೆ ತುಂಬಿ ಮುಗಿಸಬಾರದೇ ಎಂದದ್ದಕ್ಕೆ, “ನೋಡ್ದೆ ಬರಿಬ್ಯಾಡ ಕಣಮ್ಮ. ಒಂದ್ ದಪ ಬರುದ್ರೆ ಆಮೇಕೆ ನೋಡ್ಬೇಕು ಅನ್ಸದೇ ಇಲ್ಲ” ಎಂದಿದ್ದರು.

ಅವರ ವೃತ್ತಕ್ಕೆ, ಅಂದರೆ ಅವರ ಪಾಲಿನ ಹಳ್ಳಿಗಳಿಗೆ, ಸೇರಿದ ಒಂದು ಊರಿನ ಹೊರಗೆ, ದಿಬ್ಬದ ಮೇಲೆ, ಸರ್ಕಾರಿ ಗೋಮಾಳವಿತ್ತು. ಊರಿನ ಹನ್ನೊಂದು ಮನೆಯವರು ಅದರಲ್ಲಿ ತಲೆಮಾರಿನಿಂದ ರಾಗಿ, ಹುರುಳಿ, ಎಳ್ಳು ಬೆಳೆದುಕೊಂಡು ಬಂದಿದ್ದರು. ಸ್ವಂತ ಜಮೀನು ಯಾರಿಗೂ ಇರಲಿಲ್ಲ. ಆ ನೆಲವನ್ನು ತಮ್ಮ ಹೆಸರಿಗೆ ಮಾಡಿಕೊಡಿ ಎಂದು ಅವರು ಕೊಟ್ಟಿದ್ದ ಅರ್ಜಿ ವರ್ಷಗಳಿಂದ ಕೊಳೆಯುತ್ತಿತ್ತು. ಅದೇ ಸಮಯಕ್ಕೆ ಜಲ್ಲಿ ಕ್ರಷರ್ ಹಾಕುವವರೊಬ್ಬರು ಅದೇ ದಿಬ್ಬವನ್ನು ಕೇಳಿದರು. ಅವರ ಪರವಾಗಿ ಒಂದು ಬಲವಾದ ಮಾತಿತ್ತು. ಆ್ಯಪ್‌ನಲ್ಲಿ ಆ ಸರ್ವೆ ನಂಬರಿನ ಹಿಂದಿನ ಫೋಟೋಗಳೆಲ್ಲ ಬೇಸಿಗೆಯವು. ಎಲ್ಲದರಲ್ಲೂ ಬರಿ ನೆಲ. ‘ಬೀಳು’ ಎಂದು ದಾಖಲಾಗಿತ್ತು. ಬೀಳು ನೆಲ ಎಂದಾದರೆ ಉಳುಮೆಯ ಹಕ್ಕು ಯಾರಿಗೂ ಇಲ್ಲ.

ವರದಿ ಕೊಡಬೇಕಾದವರು ಸಿದ್ದರಾಜಣ್ಣ. ಅವರು ನನ್ನನ್ನೂ ಕರೆದುಕೊಂಡು ಹೋದರು. ಹನ್ನೊಂದು ಮನೆಯವರ ಹತ್ತಿರ ಒಂದು ಕಾಗದವೂ ಇರಲಿಲ್ಲ. ಕೆಂಪಮ್ಮ ಎನ್ನುವ ಮುದುಕಿ ಒಬ್ಬರು, ನಮ್ಮತ್ತೆಯ ಕಾಲದಿಂದ ಉತ್ತಿದ್ದೇವೆ ಎಂದಷ್ಟೇ ಹೇಳುತ್ತಿದ್ದರು. ಸಿದ್ದರಾಜಣ್ಣ ಹಾರೆ ಇಸಿದುಕೊಂಡು, ಹೊಲದ ನಡುವೆ ಮೊಣಕಾಲಾಳದ ಗುಂಡಿ ತೋಡಿದರು. ಅದರ ಒಂದು ಬದಿಯನ್ನು ಗೋಡೆಯಂತೆ ನಯವಾಗಿ ಕೆರೆದು, ಜೇಬಿನ ಚಾಕುವನ್ನು ನನ್ನ ಕೈಗೆ ಕೊಟ್ಟು, ಮೇಲಿನಿಂದ ಕೆಳಗೆ ಚುಚ್ಚುತ್ತ ಬಾ ಎಂದರು. ಗೇಣುದ್ದದವರೆಗೆ ಚಾಕು ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಅಲ್ಲಿ ತಡೆಯಿತು. ಎರಡು ಬೆರಳಗಲ ಕಲ್ಲಿನಂಥ ಪದರ. ಅದರ ಕೆಳಗೆ ಮತ್ತೆ ಮೆತ್ತಗೆ. ಎಷ್ಟೋ ವರ್ಷ ನೇಗಿಲ ತಳ ಒಂದೇ ಆಳದಲ್ಲಿ ಒತ್ತಿಕೊಂಡು ಹೋದರೆ ಮಾತ್ರ ಅಂಥ ಪದರ ಕಟ್ಟುತ್ತದೆ, ಬೀಳು ನೆಲದಲ್ಲಿ ಅದು ಇರಲು ಸಾಧ್ಯವೇ ಇಲ್ಲ ಎಂದರು. ಮೇಲಿನ ಮಣ್ಣನ್ನು ಜಾಲಿಸಿದಾಗ ಬೂದಿಯ ಕಣ, ಮಡಕೆಯ ಚೂರು, ಗಾಜಿನ ಬಳೆಯ ಚೂರು ಸಿಕ್ಕವು. ಮನೆಯ ತಿಪ್ಪೆಯಿಂದ ಗೊಬ್ಬರದ ಜೊತೆ ಬಂದವು. ಕೆಂಪಮ್ಮ ಒಂದು ಹಸಿರು ಚೂರನ್ನು ಬೆಳಕಿಗೆ ಹಿಡಿದು, ಇಂಥವನ್ನು ತಮ್ಮತ್ತೆ ತೊಡುತ್ತಿದ್ದರು ಎಂದು ಹೇಳಿ ಸೆರಗಿನ ತುದಿಗೆ ಕಟ್ಟಿಕೊಂಡರು. ಅಷ್ಟು ಹಗುರಾಗಿದ್ದ ಸಿದ್ದರಾಜಣ್ಣನ ಮುಖವನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಅವರು ನಾಲ್ಕು ಪುಟದ ವರದಿ ಬರೆದರು. ಚಿತ್ರ, ಅಳತೆ, ಫೋಟೋ ಎಲ್ಲ ಇತ್ತು. ಅಂಥ ವರದಿ ನಮ್ಮ ಕಚೇರಿಗೆ ಯಾವತ್ತೂ ಬಂದಿರಲಾರದು. ತಹಸೀಲ್ದಾರ್ ಸಾಹೇಬರು ಪುಟ ತಿರುವಿ ನೋಡಿ, ಇದನ್ನು ಎಲ್ಲಿ ಹಾಕಲಿ, ಆ್ಯಪ್‌ನಲ್ಲಿ ಇರುವುದು ಎರಡೇ ಆಯ್ಕೆ, ಸಾಗುವಳಿ ಅಥವಾ ಬೀಳು, ಬೀಳು ಎಂದು ಆಗಲೇ ಇದೆ ಎಂದರು. ಮೌಖಿಕವಾಗಿ ವರದಿ ವಾಪಸ್ ಪಡೆಯಲು ಸೂಚಿಸಿದರು. ಸಿದ್ದರಾಜಣ್ಣ ಪಡೆಯಲಿಲ್ಲ.

ಹತ್ತು ದಿನದೊಳಗೆ ಮೂಕರ್ಜಿಗಳು ಬರತೊಡಗಿದವು. ಹನ್ನೊಂದು ಮನೆಯವರೂ ವಿ.ಎ.ಯೂ ಒಂದೇ ಜಾತಿಯ ಜನ, ಅದಕ್ಕೇ ಬರೆದುಕೊಟ್ಟಿದ್ದಾನೆ ಎಂದು ಒಂದು. ಸರ್ಕಾರಿ ನೆಲದಲ್ಲಿ ಅನುಮತಿಯಿಲ್ಲದೆ ಗುಂಡಿ ತೋಡಿದ್ದಾನೆ ಎಂದು ಇನ್ನೊಂದು. ಮೂರನೆಯದರಲ್ಲಿ, ಇವನಿಗೆ ಚೀನಾದಿಂದ ಫೋನು ಬರುತ್ತದೆ, ಊರೂರು ತಿರುಗಿ ಗುಪ್ತಲಿಪಿಯಲ್ಲಿ ಏನೇನೋ ಬರೆದುಕೊಳ್ಳುತ್ತಾನೆ ಎಂದಿತ್ತು. ವಿಚಾರಣೆಗೆಂದು ಪೊಲೀಸಿನವರು ಬಂದು ಆ ಸಣ್ಣ ಪುಸ್ತಕವನ್ನು ತೆಗೆದುಕೊಂಡು ಹೋದರು. ಮಣ್ಣಿನ ಬಣ್ಣಗಳ ಹೆಸರು ಎಂದು ಸಿದ್ದರಾಜಣ್ಣ ಹೇಳಿದ್ದನ್ನು ನಾವೆಲ್ಲ ಕೇಳಿಸಿಕೊಂಡೆವು. ಆ ಸಾಯಂಕಾಲದಿಂದ ಕಚೇರಿಯಲ್ಲಿ ಅವರ ಪಕ್ಕ ಕೂತು ಊಟ ಮಾಡುವವರು ಕಡಿಮೆಯಾದರು. ನಾನು ಕೂರುತ್ತಿದ್ದೆ, ಆದರೆ ಬೇಗ ಉಂಡು ಏಳುತ್ತಿದ್ದೆ.

ಅಮಾನತಿನ ಆದೇಶ ಬಂತು. ಗುಂಡಿಯ ಕಾರಣವನ್ನಷ್ಟೇ ಅದರಲ್ಲಿ ಬರೆದಿದ್ದರು.

ಅವರ ವೃತ್ತದ ಹೆಚ್ಚುವರಿ ಹೊಣೆಯನ್ನು ನನಗೆ ಕೊಟ್ಟರು. ವಾರ ಕಳೆದ ಮೇಲೆ ಸಾಹೇಬರು ಕರೆಸಿ, ಆ ಸರ್ವೆ ನಂಬರಿನ ವರದಿ ಹೊಸದಾಗಿ ಬೇಕು, ಸಂಜೆಯೊಳಗೆ ಆಗಲಿ ಎಂದರು. ಗದರಿಸಲಿಲ್ಲ. ನಿಮ್ಮ ತಾಯಿ ಹೇಗಿದ್ದಾರೆ, ತಂಗಿಗೆ ಗಂಡು ನೋಡುತ್ತಿದ್ದೀರಂತೆ ಎಂದು ವಿಚಾರಿಸಿದರು. ನನ್ನ ಪ್ರೊಬೇಷನ್ ಅವಧಿ ಮುಗಿಯಲು ಇನ್ನೂ ತಿಂಗಳುಗಳಿದ್ದವು. ನಾನು ನನ್ನ ಮೇಜಿಗೆ ಬಂದು ಕುಳಿತು, ದಿಬ್ಬದ ಕಡೆ ಹೋಗದೆ, ಫೋನಿನಲ್ಲಿ ‘ಬೀಳು’ ಎಂಬುದರ ಮೇಲೆ ಬೆರಳು ಒತ್ತಿದೆ. ಖಚಿತವೇ ಎಂದು ಅದು ಕೇಳಿತು. ಮತ್ತೆ ಒತ್ತಿದೆ.

ಆಷಾಢದಲ್ಲಿ ದಿಬ್ಬಕ್ಕೆ ಜೆ.ಸಿ.ಬಿ.ಗಳು ಬಂದವಂತೆ. ನಾನು ನೋಡಲು ಹೋಗಲಿಲ್ಲ. ಕೆಂಪಮ್ಮ ಒಂದು ದಿನ ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ಬಹಳ ಹೊತ್ತು ನಿಂತಿದ್ದರು. ಕೂರಿ ಎಂದರೂ ಕೂರಲಿಲ್ಲ. ಹೋಗುವಾಗ, “ಆವಯ್ಯ ಕೈ ಕೆಸರ್ ಮಾಡ್ಕಂಡ್ನಲ್ಲವ್ವ. ನೀನು ಬರ್ನೇ ಇಲ್ಲ” ಎಂದರು.

ಸಿದ್ದರಾಜಣ್ಣನ ಅಮಾನತು ಏಳು ತಿಂಗಳಿಗೆ ತೆರವಾಯಿತು. ಜಿಲ್ಲೆಯ ಇನ್ನೊಂದು ತುದಿಗೆ ಹಾಕಿದ್ದರು. ಆದೇಶದ ಪ್ರತಿ ತೆಗೆದುಕೊಳ್ಳಲು ಬಂದ ದಿನ ನಾನು ಅವರನ್ನು ಕಡೆಯ ಬಾರಿ ನೋಡಿದ್ದು. ಕೂದಲು ಅಲ್ಲಲ್ಲಿ ನರೆತಿತ್ತು. ಅಂಗಿ ಭುಜದಿಂದ ಜಾರುವ ಹಾಗಿತ್ತು. ಕಚೇರಿಯ ಜಗಲಿಯಲ್ಲಿ ಅರ್ಜಿ ಬರೆಯುವವರ ಪಕ್ಕದ ಕಲ್ಲುಬೆಂಚಿನ ಮೇಲೆ ಇಬ್ಬರೂ ಕುಳಿತೆವು. ತಮ್ಮ ತಂಗಿ ಸುಜಾತ ಬೆಂಗಳೂರಿನಲ್ಲಿ, ದೇಶಕ್ಕೇ ಹೆಸರಾದ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆಗೆ ಸೇರಿದ್ದಾಳೆ ಎಂದರು. ಅವಳು ಮಾತ್ರ ಈ ನೌಕರಿಯ ಕಡೆ ಬರಬಾರದು, ಅದಕ್ಕಾಗಿಯಾದರೂ ತಾವು ಈ ಕೆಲಸ ಉಳಿಸಿಕೊಳ್ಳಬೇಕು ಎಂದರು. ಆ ವರದಿಯ ವಿಷಯ ಹೇಳಲು ನಾನು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು.

“ಗುಂಡಿ ಇನ್ನೂ ಮುಚ್ಚಿರ್ನಿಲ್ವಾ ನೀನ್ ದಿಬ್ಬಕ್ ಓದಾಗ?”

“ನಾನು ಹೋಗ್ಲೇ ಇಲ್ಲ ಅಣ್ಣ.”

ಅವರು ತಲೆ ಆಡಿಸಿದರು. ಆದೇಶದ ಪ್ರತಿಯನ್ನು ಮಡಚಿ ಜೇಬಿಗಿಟ್ಟರು. ಆಮೇಲೆ, “ಬುಡು” ಎಂದರು. ಅದು ಕ್ಷಮಿಸಿದ್ದೋ, ನನ್ನನ್ನು ಕೈಬಿಟ್ಟದ್ದೋ ನನಗೆ ಇವತ್ತಿಗೂ ತಿಳಿಯದು. ಬಸ್ಸು ಬಂತು, ಎದ್ದು ಹೋದರು.

ಹೊಸ ಜಾಗದಲ್ಲಿ ಅವರಿದ್ದದ್ದು ಒಂದು ಮುಂಗಾರು. ಬೆಳೆ ಸಮೀಕ್ಷೆಗೆ ಹೋದವರು ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಹುರುಳಿ ಹೊಲದ ಬದುವಿನ ಮೇಲೆ ಕುಸಿದರು. ಹೊಲದವರು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೊರಟರಂತೆ. ದಾರಿಯಲ್ಲೇ ಮುಗಿದಿತ್ತು. ಮೂವತ್ತೈದು ತುಂಬಿರಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ಅದರ ಕೆಳಗೆ ಮೂವತ್ತು ನಲವತ್ತು ಜನ ಕೈ ಮುಗಿದ ಚಿತ್ರ ಹಾಕಿದರು. ಅವುಗಳ ಕೆಳಗೆ ಆ ದಿನದ ಸಮೀಕ್ಷೆಯ ಗುರಿ ಎಷ್ಟು ಬಾಕಿ ಎಂಬ ಸಂದೇಶ.

ಹನ್ನೆರಡನೆಯ ದಿನ ನಾನು ಅವರ ಮನೆಗೆ ಹೋದೆ. ಗೋಡೆಯಲ್ಲಿ ಬುದ್ಧನ ಪಟದ ಕೆಳಗೆ ಅವರ ಫೋಟೋ ಇಟ್ಟಿದ್ದರು. ಅವರ ಅವ್ವ ನನ್ನ ಕೈ ಹಿಡಿದುಕೊಂಡು, “ನಿನ್ ಇಸ್ಯ ಬಾಳ ಯೋಳನು ಕಣವ್ವ, ಲೆಕ್ಕ ಕಲ್ತ್‌ಬುಟ್ಳು ಅಂತ” ಎಂದರು. ಸುಜಾತ ಒಳಗಿನಿಂದ ಒಂದು ಕಾಗದ ತಂದಳು. ಅಣ್ಣನ ಮೂಗು, ಅಣ್ಣನದೇ ಬಣ್ಣ. ನೌಕರಿಯಲ್ಲಿದ್ದಾಗ ತೀರಿಕೊಂಡವರ ಮನೆಯವರಿಗೆ ಅನುಕಂಪದ ಆಧಾರದಲ್ಲಿ ಕೊಡುವ ಕೆಲಸದ ಅರ್ಜಿ ಅದು. ಅಣ್ಣನಿಗೆ ಮದುವೆಯಾಗಿರಲಿಲ್ಲವಾದ್ದರಿಂದ ತಂಗಿಗೆ ಸಿಗುತ್ತದಂತೆ, ಹೇಗೆ ತುಂಬಬೇಕು ಹೇಳಿಕೊಡಿ ಎಂದಳು.

ಸಂಶೋಧನೆ ಏನು ಮಾಡುತ್ತೀಯ ಎಂದು ಕೇಳಿದೆ. ಬಿಟ್ಟು ಬಂದಿದ್ದೇನೆ ಎಂದಳು. ಅದು ಮುಗಿಯಲು ಇನ್ನೂ ನಾಲ್ಕು ವರ್ಷ, ಮುಗಿದ ಮೇಲೆ ಕೆಲಸ ಸಿಗುತ್ತದೆಂದು ಹೇಳಲಾಗದು, ಅವ್ವನನ್ನು ಒಬ್ಬಳನ್ನೇ ಬಿಡಲಾಗದು. ಎಲ್ಲವನ್ನೂ ಮೊದಲೇ ಯೋಚಿಸಿ ಮುಗಿಸಿದವಳ ಧ್ವನಿಯಲ್ಲಿ ಹೇಳಿದಳು. ಬೇಡ ಎನ್ನಬೇಕೆಂದು ನಾನು ಮೂರು ಸಲ ಅಂದುಕೊಂಡೆ. ಅವಳ ಅಣ್ಣ ಜಗಲಿಯಲ್ಲಿ ಆಡಿದ ಮಾತನ್ನು ಹೇಳಬೇಕೆಂದುಕೊಂಡೆ. ಅವರ ಅವ್ವ ನಮ್ಮಿಬ್ಬರ ಮುಖವನ್ನೇ ನೋಡುತ್ತ ಕುಳಿತಿದ್ದರು. ನಾನು ಚಾಪೆಯ ಮೇಲೆ ಕುಳಿತು ಅರ್ಜಿಯನ್ನು ಬಿಡಿಸಿದೆ.

ಹೆಸರು, ವಿಳಾಸ, ಮೃತ ನೌಕರನೊಂದಿಗಿನ ಸಂಬಂಧ. ಅವಳು ದುಂಡನೆಯ ಅಕ್ಷರದಲ್ಲಿ ತುಂಬುತ್ತ ಹೋದಳು. ಒಂದು ಕಡೆ ಪೆನ್ನು ನಿಲ್ಲಿಸಿದಳು.

“ಅಕ್ಕ, ವಿದ್ಯಾರ್ಹತೆ ಅಂತ ಐತಲ್ಲ, ಎಲ್ಲಾನೂ ಬರೀಬೇಕಾ?”

ನಮ್ಮ ಹುದ್ದೆಗೆ ಕೇಳುವುದು ದ್ವಿತೀಯ ಪಿಯುಸಿ ಅಷ್ಟೇ. ನಾನು, “ಪಿಯುಸಿ ಅಂತ ಬರಿ, ಸಾಕು” ಎಂದೆ.

ಅವಳು ಬರೆದಳು. ಆ ಸಾಲಿನಲ್ಲಿ ಉಳಿದ ಜಾಗಕ್ಕೆ ಒಂದು ಗೆರೆ ಎಳೆದು, ಹಾಳೆ ತಿರುವಿದಳು.